ಖಾಲಿ ಡಬ್ಬಿ ಕಳಿಸದ ಕಂಪ್ಯೂಟರುಗಳು

ಮೊದಲು ಒಂದು ‘ಟಕ್’. ಆಮೇಲೆ ತಂತಿಯೊಳಗೆ ಗಾಳಿ ಸುಳಿದಾಡಿದಂಥ ಸುಯ್ ಸುಯ್. ಅದರ ಹಿಂದಿನಿಂದ ಎಲೆಅಡಿಕೆ ತುಂಬಿದ ಬಾಯಿಯ ಒಂದು ದನಿ: “ಮಾತಾಡ್ರಿ, ಶಹಾಬಾದ್ ಲೈನಿನ ಮ್ಯಾಲ ಅದ.” ವಾಡಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಶರಣಪ್ಪನ ದನಿ ಅದು. ಅವನ ಮುಖ ನನಗೆ ನೆನಪಿಲ್ಲ, ನೋಡಿದ್ದೇನೋ ಇಲ್ಲವೋ ಅದೂ ಗ್ಯಾರಂಟಿ ಇಲ್ಲ. ದನಿ ಮಾತ್ರ ಈಗಲೂ ಮಧ್ಯಾಹ್ನ ಮನೆ ತಣ್ಣಗಾದ ಹೊತ್ತಿನಲ್ಲಿ ಕಿವಿಯ ಹತ್ತಿರ ಬಂದು ಹೋಗುತ್ತದೆ. ಈಗಿನ ಫೋನಿಗೆ ಟಕ್ ಇಲ್ಲ, ಸುಯ್ ಇಲ್ಲ, ಶರಣಪ್ಪನೂ ಇಲ್ಲ. ಒತ್ತಿದರೆ ಸಾಕು, ಆಚೆಯವರು ಎದುರಿಗೇ ಬಂದು ಕೂತ ಹಾಗೆ. ಅಷ್ಟು ಈಜಿಯಾಗಿ ಸಿಕ್ಕುವವರ ಹತ್ತಿರ ಏನು ಮಾತಾಡಬೇಕೆಂದು ನನಗೆ ತಿಳಿಯುವುದಿಲ್ಲ. ಕಷ್ಟಪಟ್ಟು ಸಿಕ್ಕವರ ಹತ್ತಿರ ಮಾತ್ರ ಮಾತು ತಾನಾಗಿ ಬರುತ್ತದೆ.

ಇಬ್ಬರು ಮನುಷ್ಯರನ್ನು ಮಾತಾಡಿಸುವುದು ಕಷ್ಟ, ಯಂತ್ರವಾದರೆ ಹೇಳಿದ ಹಾಗೆ ಕೇಳುತ್ತದೆ ಎಂದು ಅನೇಕರು ನಂಬಿದ್ದಾರೆ. ಯಂತ್ರ ಹೇಳಿದ ಹಾಗೆ ಕೇಳುತ್ತದೆ ಎಂಬುದು ನಿಜ. ತೊಂದರೆ ಇರುವುದೇ ಅಲ್ಲಿ. ನಾವು ಏನು ಹೇಳಿದ್ದೇವೆಂಬುದು ಅದು ಕೇಳಿ ಮಾಡಿ ತೋರಿಸುವ ತನಕ ನಮಗೇ ಗೊತ್ತಿರುವುದಿಲ್ಲ. ಎಂಬತ್ತರ ದಶಕದಲ್ಲಿ, ವಾಡಿಯ ಒಂದು ಕಂಪ್ಯೂಟರಿಗೂ ಶಹಾಬಾದಿನ ಇನ್ನೊಂದು ಕಂಪ್ಯೂಟರಿಗೂ ಮಾತು ಕೂಡಿಸಿದವಳು ನಾನು. ನಾನು ಅಂದರೆ ಅರ್ಧ ನಾನು. ಉಳಿದ ಅರ್ಧ ಜುಬೇದಾ. ಆ ಅರ್ಧದ ಕಥೆ ಇದು.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಅನಾಹುತಕ್ಕೂ ನನ್ನ ಅಪ್‌ಬ್ರಿಂಗಿಂಗೇ ಕಾರಣ. ಅಪ್ಪ ರೈಲ್ವೆಯಲ್ಲಿದ್ದರು, ನಾನು ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಸಿಸ್ಟರ್ ಆಗ್ನೆಸ್ ಎಂಬುವರು ನಮಗೆ ಮ್ಯಾನರ್ಸ್ ಕಲಿಸುತ್ತಿದ್ದರು. ಕೇಳುವಾಗ ಪ್ಲೀಸ್, ಸಿಕ್ಕಾಗ ಥ್ಯಾಂಕ್ಯೂ, ಕೇಳಿಸದಿದ್ದರೆ ಐ ಬೆಗ್ ಯುವರ್ ಪಾರ್ಡನ್. ಒಂದು ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ತನಕ ಕೈಕಟ್ಟಿ ನಿಂತಿರಬೇಕು, ಕಿಟಕಿಯಾಚೆ ನೋಡಬಾರದು. ಇದೆಲ್ಲ ಮೈಗೆ ಹತ್ತಿಸಿಕೊಂಡು ಮದುವೆಯಾಗಿ ವಾಡಿಗೆ ಬಂದೆ. ಬಂದ ದಿನವೇ ಅತ್ತೆ ಒಂದು ತಂಬಿಗೆ ತಣ್ಣೀರು ಕೊಟ್ಟರು. ನಾನು ಮುದ್ದಾಗಿ “ಥ್ಯಾಂಕ್ಯೂ” ಅಂದೆ. ಅತ್ತೆಯ ಮುಖ ಬಾಡಿತು. “ಯಾಕವಾ, ನಾ ಏನ್ ಹೊರಗಿನಾಕಿ ಏನು? ಮನ್ಯಾಗ ನೀರ ಕೊಟ್ರ ಯಾರರ ಹಂಗ ಅಂತಾರ?” ಎಂದರು. ಮರುವಾರ ಪಕ್ಕದ ಮನೆಯ, ದಂಡೋತಿ ಊರಿನ ಹೆಂಗಸು ಒಂದು ಡಬ್ಬಿಯಲ್ಲಿ ಎಣ್ಣೆಗಾಯಿ ಕಳಿಸಿದ್ದಳು. ನಾನು ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ, ಕನ್ನಡಿಯ ಹಾಗೆ ಹೊಳೆಯಿಸಿ, ನಾನೇ ಹೋಗಿ ಥ್ಯಾಂಕ್ಯೂ ಹೇಳಿ ಕೊಟ್ಟು ಬಂದೆ. ಮುಚ್ಚಳ ತೆಗೆದು ಒಳಗೆ ಏನೂ ಇಲ್ಲದ್ದನ್ನು ಕಂಡ ಆಕೆ ಮೂರು ತಿಂಗಳು ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ಆಗ ಅತ್ತೆ ನನ್ನನ್ನು ಕೂರಿಸಿ ಹೇಳಿದರು: “ಡಬ್ಬಿ ಖಾಲಿ ಹೊಳ್ಳಿ ಕಳಸಬಾರದು. ಏನೂ ಇಲ್ಲಂದ್ರ ಒಂದು ಚಿಮಟಿ ಸಕ್ಕರಿರ ಹಾಕಬೇಕು. ಬಾಯಿಲೆ ಅನ್ನೂದಲ್ಲ, ಡಬ್ಬಿ ಅಂತದ.” ಸಿಸ್ಟರ್ ಆಗ್ನೆಸ್ ಹೇಳಿದ್ದೂ ಬಿಡಲಿಲ್ಲ, ಅತ್ತೆ ಹೇಳಿದ್ದೂ ಬಿಡಲಿಲ್ಲ. ಎರಡನ್ನೂ ಸೇರಿಸಿಕೊಂಡು ನಾನು ಒಂಥರಾ ಅತಿವಿನಯದ ಹೆಂಗಸಾದೆ.

ಮಕ್ಕಳು ಸ್ಕೂಲಿಗೆ ಹೋಗುವಂತಾದ ಮೇಲೆ ಒಂದು ಸಿಮೆಂಟ್ ಕಂಪನಿಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಅಲ್ಲಿ ನನ್ನ ಇಂಗ್ಲಿಷಿಗೆ ಬಹಳ ಮರ್ಯಾದೆ ಇತ್ತು, ಆದರೆ ಟೈಪ್ ಮಾಡಲು ಸಿಕ್ಕಿದ್ದು ಒಂದೇ ವಾಕ್ಯ: ವಿತ್ ರೆಫರೆನ್ಸ್ ಟು ದಿ ಅಬೋವ್. ಅದನ್ನೇ ವರ್ಷಗಟ್ಟಲೆ ಕುಟ್ಟಿದೆ. ಕಿಟಕಿಯಿಂದ ಸಿಮೆಂಟಿನ ಬಿಳಿ ಧೂಳು ಬಂದು ಕಾರ್ಬನ್ ಪೇಪರಿನ ಮೇಲೆ ಕೂರುತ್ತಿತ್ತು, ಸಂಜೆ ಮನೆಗೆ ಹೋದರೆ ನನ್ನ ಹುಬ್ಬು ಬೆಳ್ಳಗಾಗಿರುತ್ತಿತ್ತು. ಆಗ ಕಂಪನಿಗೆ ಕಂಪ್ಯೂಟರ್ ಬಂತು. ಅದರ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದ್ದದ್ದರಿಂದ, ಇಂಗ್ಲಿಷ್ ಬರುವವರಿಗೆ ಕಂಪ್ಯೂಟರೂ ಬರುತ್ತದೆ ಎಂಬ ಲಾಜಿಕ್ಕಿನ ಮೇಲೆ ನನ್ನನ್ನು ಹೈದರಾಬಾದಿಗೆ ಟ್ರೈನಿಂಗಿಗೆ ಕಳಿಸಿದರು. ನಲವತ್ತರ ಮೇಲಿನ ವಯಸ್ಸು. ಮೀಸೆ ಸರಿಯಾಗಿ ಮೂಡದ ಹುಡುಗರ ನಡುವೆ ಕೂತು ಪ್ರೋಗ್ರಾಂ ಬರೆಯಲು ಕಲಿತೆ. ತಿರುಗಿ ಬಂದಾಗ ನನಗೆ ಒಂದು ಕೋಣೆ, ಕೋಣೆಗೆ ಏರ್‌ಕಂಡೀಷನ್. ಮಶೀನಿಗೆ ಬಿಸಿ ತಾಗಬಾರದಲ್ಲ. ಬೇಸಿಗೆಯಲ್ಲಿ ವಾಡಿಯ ಬಿಸಿಲು ಹೇಗಿರುತ್ತದೆಂದು ಗೊತ್ತಿದ್ದವರಿಗೆ ನಾನು ಏನೂ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳಿದರೂ ಪ್ರಯೋಜನವಿಲ್ಲ. ಇಡೀ ಆಫೀಸಿಗೆ ಮಧ್ಯಾಹ್ನ ಹೊತ್ತಿಗೆ ಕಂಪ್ಯೂಟರಿನ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟುತ್ತಿತ್ತು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಮಶೀನಿನ ಮುಂದೆ ಕೈಮುಗಿಯುವುದೊಂದು ಬಿಟ್ಟು ಉಳಿದದ್ದೆಲ್ಲ ಮಾಡಿ, ತಂಪಾಗಿ ಹೋಗುತ್ತಿದ್ದರು.

ಕಂಪನಿಯ ಗೋದಾಮು ಇದ್ದದ್ದು ಶಹಾಬಾದಿನಲ್ಲಿ. ಅಲ್ಲೂ ಒಂದು ಕಂಪ್ಯೂಟರ್ ಬಂತು, ಆದರೆ ಬೇರೆ ಕಂಪನಿಯದು. ಎರಡನ್ನೂ ಒಂದೇ ಕಡೆ ಕೊಳ್ಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅದರ ಯಜಮಾನಿ ಜುಬೇದಾ. ಗುಲ್ಬರ್ಗದಲ್ಲಿ ಬಿಎಸ್ಸಿ ಮಾಡಿದವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದಳು. ಅವಳ ಮಶೀನಿಗೆ ಗೋದಾಮಿನಲ್ಲಿ ಎಷ್ಟು ಚೀಲ ಇದೆ ಎಂಬುದು ಗೊತ್ತು. ನನ್ನ ಮಶೀನಿಗೆ ವಾಡಿ ಯಾರ್ಡಿನಲ್ಲಿ ಎಷ್ಟು ವ್ಯಾಗನ್ ನಿಂತಿವೆ, ಯಾವ ಊರಿಗೆ ಹೋಗಬೇಕು ಎಂಬುದು ಗೊತ್ತು. ಅದಕ್ಕೆ ಗೊತ್ತಿದ್ದದ್ದು ಇದಕ್ಕೆ ಗೊತ್ತಿಲ್ಲ, ಇದಕ್ಕೆ ಗೊತ್ತಿದ್ದದ್ದು ಅದಕ್ಕೆ ಬೇಡ. ಹಾಗಾಗಿ ದಿನಾ ಬೆಳಿಗ್ಗೆ ಶರಣಪ್ಪನ ಕೃಪೆಯಿಂದ ನಾವಿಬ್ಬರೂ ಫೋನಿನಲ್ಲಿ ಕೂರುತ್ತಿದ್ದೆವು. ಅವಳು ತನ್ನ ಸ್ಕ್ರೀನು ನೋಡಿ ಓದುವುದು, ನಾನು ನನ್ನ ಮಶೀನಿಗೆ ಬಡಿಯುವುದು.

ಅಂಕಿ ಓದಲು ಬೇಕಾದದ್ದು ಸ್ವಲ್ಪ ಹೊತ್ತು. ಉಳಿದ ಹೊತ್ತು ಬೇರೆ ಮಾತು. ಅಲ್ಲಿ ಎಲ್ಲರಿಗೂ ನಾನು ‘ಬಾಯಿ’, ಅಂದರೆ ಅಮ್ಮಾವರು. “ಬಾಯಿ, ನಿನ್ನಿ ಕಳಿಸಿದ ಶೇಂಗಾ ಚಟ್ನಿ ನಮ್ಮ ಭಾಯಿಜಾನ್ ಒಬ್ರೇ ಮುಗಿಸ್ಯಾರ್ರಿ, ನನಗ ಡಬ್ಬಿ ನೆಕ್ಕೂದೇ ಬಂತು,” ಎನ್ನುವಳು. ನಾನು “ಓ ಮೈ ಡಿಯರ್, ನೀವು ಕಳಿಸಿದ ಬದನಿಕಾಯಿ ಸಾಲನ್‌ದಾಗ ಎಳ್ಳ ಹಾಕಿದ್ರೇನು?” ಎಂದು ಕೇಳುವೆನು. ವಾಡಿ ಶಹಾಬಾದ್ ನಡುವೆ ಓಡಾಡುವ ಶಿಫ್ಟ್ ಬಸ್ಸಿನಲ್ಲಿ ಡ್ರೈವರನ ಪಕ್ಕ ನಮ್ಮ ಡಬ್ಬಿಗಳೂ ಓಡಾಡುತ್ತಿದ್ದವು. ಒಂದು ಸಲವೂ ಖಾಲಿ ಹೋಗಲಿಲ್ಲ, ಖಾಲಿ ಬರಲಿಲ್ಲ. ಅವಳ ತಾಯಿಯೂ ಅವಳಿಗೆ ನನ್ನ ಅತ್ತೆ ಹೇಳಿದ್ದನ್ನೇ ಹೇಳಿ ಬೆಳೆಸಿದ್ದರಂತೆ.

ಹೀಗೆ ಸುಖವಾಗಿದ್ದಾಗ ದೇಶಪಾಂಡೆ ಸಾಹೇಬರು ಹೊಸ ಮ್ಯಾನೇಜರಾಗಿ ಬಂದರು. ಬೆಳಿಗ್ಗೆ ನಮ್ಮ ಫೋನು ಮುಗಿಯುವ ತನಕ ವ್ಯಾಗನ್ನುಗಳು ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದವು, ನಿಂತ ವ್ಯಾಗನ್ನಿಗೆ ರೈಲ್ವೆಯವರು ದಂಡ ಹಾಕುತ್ತಿದ್ದರು. ಸಾಹೇಬರು ಒಂದು ದಿನ ನನ್ನ ಕೋಣೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಹೇಳಿದರು: “ಬಾಯಿ, ಎರಡು ಮಶೀನ್ ಇಟ್ಕೊಂಡು ಇಬ್ಬರು ಹೆಣ್ಮಕ್ಕಳು ಫೋನ್‌ದಾಗ ಓದಿ ಬರಕೊಳ್ಳೂದು ಅಂದ್ರ ಮಶೀನ್ ಯಾಕ ಬೇಕಿತ್ತು? ಹೊಸ ವರ್ಷದೊಳಗ ಅವೇ ಮಾತಾಡಬೇಕು. ಇಲ್ಲಂದ್ರ ಎರಡೂ ವಾಪಸ್. ಎಲ್ಲಾ ಬಾಂಬೇದಾಗ ಮಾಡ್ತಾರ. ನೀವು ಟೈಪಿಂಗಿಗೆ, ಆಕಿ ಗೋದಾಮಿಗೆ.”

ಟೈಪಿಂಗಿಗೆ ತಿರುಗಿ ಹೋಗುವುದೆಂದರೆ ನನಗೆ ವಿತ್ ರೆಫರೆನ್ಸ್ ಟು ದಿ ಅಬೋವ್, ಬಿಳಿ ಹುಬ್ಬು, ಸೆಕೆ. ಅದನ್ನು ಹೇಗೋ ತಡೆದುಕೊಂಡೇನು. ಜುಬೇದಾಳದ್ದು ಹಾಗಲ್ಲ. ಆ ಸಂಜೆ ಫೋನಿನಲ್ಲಿ ಅವಳು ಹೇಳಿದಳು: “ಭಾಯಿಜಾನ್ ನನಗ ನೌಕರಿ ಮಾಡಾಕ ಬಿಟ್ಟಿದ್ದು ಒಂದೇ ಮಾತಿನ ಮ್ಯಾಲರಿ ಬಾಯಿ. ಬಾಗಲ ಮುಚ್ಚಿದ ಖೋಲಿ ಅದ, ಅಂತ. ಗೋದಾಮಿನಾಗ ಲಾರಿಯವರ ನಡುವ ಚೀಲ ಎಣಸಾಕ ಹಾಕಿದ್ರ ಮರುದಿನಾನೇ ಮನ್ಯಾಗ ಕುಂದ್ರು ಅಂತಾರ. ಮನ್ಯಾಗ ಕುಂತು ನಾ ಏನ್ ಮಾಡ್ಲಿ, ಹೇಳ್ರಿ.” ಶರಣಪ್ಪ ಲೈನಿನಲ್ಲಿ ಕೆಮ್ಮಿದ. ಅವನು ಕೇಳಿಸಿಕೊಳ್ಳುತ್ತಿದ್ದಾನೆಂದು ನಮಗೆ ಮೊದಲಿನಿಂದಲೂ ಗೊತ್ತಿತ್ತು, ಕೆಮ್ಮಿದ್ದು ಮಾತ್ರ ಅದೇ ಮೊದಲು. ನಾನು ಹೇಳಿದೆ, “ಜುಬೇದಾ, ನೀವೂ ಹೋಗೂದಿಲ್ಲ, ನಾನೂ ಹೋಗೂದಿಲ್ಲ. ಇವೆರಡು ಮೂಕ ಮಶೀನಿಗೆ ಮಾತು ಕಲಿಸಿಯೇ ಬಿಡೋಣ.”

ಹಟ ಹಿಡಿದದ್ದೇನೋ ಸರಿ, ಹೇಗೆ ಮಾತಾಡಿಸಬೇಕೆಂಬುದೇ ತಕರಾರಾಯಿತು. ಕಂಪನಿ ಎರಡು ಪೆಟ್ಟಿಗೆ ತರಿಸಿಕೊಟ್ಟಿತ್ತು, ಮೋಡೆಮ್ ಎಂದು ಹೆಸರು. ಮೇಲೆ ಎರಡು ರಬ್ಬರಿನ ಬಟ್ಟಲು. ಟ್ರಂಕ್ ಕಾಲ್ ಸಿಕ್ಕ ಕೂಡಲೇ ಫೋನಿನ ರಿಸೀವರನ್ನು ಆ ಬಟ್ಟಲುಗಳಲ್ಲಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಮಲಗಿಸಬೇಕು. ಆಚೆ ಅವಳೂ ಹಾಗೇ ಮಾಡಬೇಕು. ಆಗ ಮಶೀನು ಮಶೀನಿನ ಕಿವಿಯಲ್ಲಿ ಕೀ ಎಂದು ಕಿರುಚುತ್ತದೆ. ಕಿರುಚುವುದು ಆಯಿತು, ಆದರೆ ಯಾರು ಮೊದಲು ಮಾತಾಡಬೇಕು, ಮಾತಾಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಪೆಟ್ಟಿಗೆ ಹೇಳುವುದಿಲ್ಲ. ಅದನ್ನು ಪ್ರೋಗ್ರಾಮಿನಲ್ಲಿ ನಾವೇ ಬರೆಯಬೇಕು.

ದೇಶಪಾಂಡೆ ಸಾಹೇಬರದ್ದು ಒಂದು ಐಡಿಯಾ: ಎರಡೂ ಮಶೀನಿನ ಲೆಕ್ಕ ಒಂದೇ ಕಡೆ ಇಡಿ, ಬೇಕಾದವರು ಬಂದು ನೋಡಿಕೊಳ್ಳಲಿ. ಒಂದು ಅಲಮಾರಿ, ಎರಡು ಕೀಲಿಕೈ. ಇದನ್ನು ಮಾತ್ರ ನಾನೂ ಜುಬೇದಾಳೂ ಒಂದೇ ಉಸಿರಿನಲ್ಲಿ ಬೇಡವೆಂದೆವು. ಇಬ್ಬರು ಹೆಂಗಸರಿಗೆ ಒಂದು ಅಡುಗೆಮನೆ ಕೊಟ್ಟರೆ ಉಪ್ಪಿನ ಡಬ್ಬಿ ಎಲ್ಲಿರುತ್ತದೆಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳುವುದು ಹೇಗೆ. “ಟೆಕ್ನಿಕಲಿ ಡಿಫಿಕಲ್ಟ್ ಸರ್,” ಎಂದೆ.

ನನ್ನ ಐಡಿಯಾ ಸಿಸ್ಟರ್ ಆಗ್ನೆಸ್ಸರದು. ನನ್ನ ಪ್ರೋಗ್ರಾಂ ಕೇಳುತ್ತದೆ: ಪ್ಲೀಸ್, ಎಷ್ಟು ಚೀಲ? ಕೇಳಿ ಕೈಕಟ್ಟಿ ನಿಲ್ಲುತ್ತದೆ. ಉತ್ತರ ಬಂದ ಮೇಲೆಯೇ ಮುಂದಿನ ಕೆಲಸ. ಇದರಲ್ಲಿ ಒಂದು ಶಿಸ್ತಿದೆ, ಅನುಮಾನವಿಲ್ಲ, ಕೇಳಿದ್ದಕ್ಕೆ ಉತ್ತರ ಅಲ್ಲಿಯೇ ಅಂಗೈಯಲ್ಲಿ. ಜುಬೇದಾ ನಕ್ಕಳು. “ನಮ್ಮ ಮಶೀನ್ ಆ ಹೊತ್ತಿನಾಗ ಲಾರಿ ಚೀಟಿ ಮಾಡಾಕತ್ತಿದ್ರ? ನಿಮ್ದು ಹಂಗೇ ಕಂಬಧಂಗ ನಿಂದರ್ತದೇನು? ನಾ ನನಗ ಪುರಸತ್ತಾದಾಗ ಹೊಸ್ತಿಲ ಮ್ಯಾಲ ಇಟ್ಟು ಹೋಗ್ತೀನ್ರಿ. ನೀವು ನಿಮಗ ಪುರಸತ್ತಾದಾಗ ತಗೋರಿ.” ಅವಳ ದಾರಿ ಅದು: ಇಟ್ಟು ಹೋಗುವುದು. ಕಾಯುವುದಿಲ್ಲ, ಕರೆಯುವುದಿಲ್ಲ.

“ಇಟ್ಟು ಹೋದದ್ದನ್ನು ನಾಯಿ ಎಳಕೊಂಡು ಹೋದ್ರ?” ಎಂದೆ. ಸುಮ್ಮನೆ ಹೇಳಿದ್ದಲ್ಲ. ಕಂಪನಿಯ ಕಲ್ಲಿನ ಗಣಿಯಲ್ಲಿ ದಿನಾ ಮಧ್ಯಾಹ್ನ ಎಚ್ಚರಿಕೆಯ ಭೋಂಗಾ ಊದಿ ಕಲ್ಲು ಸಿಡಿಸುತ್ತಿದ್ದರು. ಆ ಹೊಡೆತಕ್ಕೆ ಮೇಜು ನಡುಗಿ, ಬಟ್ಟಲಿನಲ್ಲಿ ಮಲಗಿದ್ದ ರಿಸೀವರ್ ಅಲುಗಿ, ಅಂಕಿಗಳ ನಡುವೆ ಏನೇನೋ ಕಸ ಸೇರುತ್ತಿತ್ತು. ಕಳಿಸಿದ್ದು ಮುಟ್ಟಿತೋ ಇಲ್ಲವೋ ಎಂದು ಕಳಿಸಿದವರಿಗೆ ಗೊತ್ತಾಗಬೇಡವೆ?

“ಮುಟ್ಟತದರಿ. ಎಲ್ಲಾದಕ್ಕೂ ಇಷ್ಟ ಸಂಶಯ ಯಾಕ?”

“ಇದು ಸಂಶಯ ಅಲ್ಲ, ಮ್ಯಾನರ್ಸ್.”

“ನಿಮ್ಮ ಪ್ರೋಗ್ರಾಂ ಭಾಳ ಮಿಜಾಜಿಂದು ಬಿಡ್ರಿ. ಕೇಳಿದ ಕೂಡ್ಲೇ ಎಲ್ಲಾರೂ ಕೈಯಾಗಿನ ಕೆಲಸ ಬಿಟ್ಟು ಜವಾಬು ಕೊಡಬೇಕು ಅಂತದ. ಥೇಟ್ ನಿಮ್ಹಂಗ.”

ಇದು ನನಗೆ ನಾಟಿತು. ಮನೆಯಲ್ಲಿ ಗಂಡನ ಹತ್ತಿರ ದೂರಿದೆ. ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು, ಪೇಪರಿನಿಂದ ತಲೆ ಎತ್ತದೆ ಹೇಳಿದರು: “ನೀ ಒಂದ್ ಮಾತ ಕೇಳಿ ಉತ್ತರಕ್ಕ ಕಾದಿದ್ದು ನಾ ಇವತ್ತಿನ ತನಕ ನೋಡಿಲ್ಲ. ನೀ ಮಾಡದ್ದನ್ನ ಮಶೀನಿಗೆ ಹ್ಯಾಂಗ ಕಲಸ್ತಿ?” ಅದಕ್ಕೆ ನಾನು ಏನೋ ಕೇಳಿ, ಅವರು ಉತ್ತರ ಕೊಡುವ ಮೊದಲೇ ಅಡುಗೆಮನೆಗೆ ಹೋದೆ.

ಆಮೇಲೆ ನನಗೂ ಜುಬೇದಾಳಿಗೂ ಮಾತು ನಿಂತಿತು. ಅಂಕಿಗಳನ್ನಂತೂ ಓದಲೇಬೇಕಲ್ಲ, ಅಷ್ಟನ್ನೇ ಓದುತ್ತಿದ್ದೆವು. ಅವಳು ಒಂದು ಸಂಖ್ಯೆ ಹೇಳುವುದು, ನಾನು “ಯೆಸ್” ಅನ್ನುವುದು, ಇನ್ನೊಂದು ಸಂಖ್ಯೆ, ಇನ್ನೊಂದು ಯೆಸ್, ಫೋನು ಕೆಳಗೆ. ಎರಡು ಮಶೀನು ಮಾತಾಡಿದರೆ ಹೇಗಿರುತ್ತದೆಂಬುದನ್ನು ನಾವೇ ಮಾಡಿ ತೋರಿಸುತ್ತಿದ್ದ ಹಾಗಿತ್ತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಫೋನಿಟ್ಟ ಮೇಲೆ ಶರಣಪ್ಪ ಲೈನ್ ಬಿಡದೆ ಕೇಳಿದ, “ಮೇಡಂ, ತಪ್ಪು ತಿಳಕೋಬ್ಯಾಡ್ರಿ. ಸಾಲನ್‌ದಾಗ ಎಳ್ಳ ಹಾಕ್ತಾರೋ ಇಲ್ಲೋ ಅದು ಹಂಗೇ ಉಳೀತು. ನಮ್ಮ ಮನ್ಯಾಗ ಕೇಳಾಕತ್ಯಾರ.” ನಾನು ಸಿಟ್ಟಿನಿಂದ “ದಿಸ್ ಈಸ್ ಎ ಪ್ರೈವೇಟ್ ಮ್ಯಾಟರ್,” ಎಂದೆ. “ಹೌದ್ರಿ, ಯಾರಿಗೂ ಹೇಳಂಗಿಲ್ಲ,” ಎಂದ.

ಆ ಜಗಳದ ಹೊತ್ತಿಗೆ ನನ್ನ ಡಬ್ಬಿಯೊಂದು ಶಹಾಬಾದಿನಲ್ಲಿ ಉಳಿದಿತ್ತು. ಹಿತ್ತಾಳೆಯ ಕಡ್ಡಿ ಇದ್ದ ಸ್ಟೀಲಿನ ಡಬ್ಬಿ, ಮುಚ್ಚಳದ ಮೇಲೆ ನನ್ನ ಅತ್ತೆಯ ಹೆಸರು ಕೊರೆಸಿದ್ದು. ಕೇಳುವುದಕ್ಕೆ ಅಭಿಮಾನ ಅಡ್ಡ. ಒಂದು ಬೆಳಿಗ್ಗೆ ಶಿಫ್ಟ್ ಬಸ್ಸಿನ ಡ್ರೈವರ್ ತಂದು ಮೇಜಿನ ಮೇಲಿಟ್ಟ. ಮುಚ್ಚಳ ತೆಗೆಯಲು ನನಗೆ ಧೈರ್ಯವಿರಲಿಲ್ಲ, ನಿಜ ಹೇಳುತ್ತೇನೆ. ಖಾಲಿ ಇದ್ದರೆ ಎಲ್ಲ ಮುಗಿದ ಹಾಗೆ. ತೆಗೆದು ನೋಡಿದರೆ ತಳದಲ್ಲಿ ಒಂದು ಚಿಮಟಿ ಸಕ್ಕರೆ. ಒಂದು ಚಿಮಟಿ ಅಂದರೆ ಒಂದೇ ಚಿಮಟಿ. ಸಿಟ್ಟು ಇನ್ನೂ ಇದೆ ಎಂದು ಹೇಳುವಷ್ಟು ಕಡಿಮೆ, ಖಾಲಿ ಅಲ್ಲ ಎಂದು ಹೇಳುವಷ್ಟು ಜಾಸ್ತಿ. ಆ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡೆ, ಶರಣಪ್ಪನಿಗೆ ಫೋನ್ ಮಾಡಿದೆ. ಅರ್ಜೆಂಟ್ ಕಾಲ್ ಬುಕ್ ಮಾಡಬೇಕೆನ್ನುವ ಮೊದಲೇ ಅವನು ಲೈನ್ ಕೊಟ್ಟ.

“ಜುಬೇದಾ, ನಿಮ್ಮ ಹಾದಿನೇ ಖರೇ. ಇಟ್ಟು ಹೋಗ್ರಿ, ನಾನು ನನಗ ಪುರಸತ್ತಾದಾಗ ತಗೋತೀನಿ. ಆದ್ರ ತಗೊಂಡ ಮ್ಯಾಲ ಡಬ್ಬಿ ಹೊಳ್ಳಿ ಬರ್ತದ. ಒಳಗ ಒಂದು ಚಿಮಟಿ ಸಕ್ಕರಿ. ಸಕ್ಕರಿ ನೋಡಿದ ಕೂಡ್ಲೇ ಮುಟ್ಯದ ಅಂತ ತಿಳಕೋರಿ. ಡಬ್ಬಿ ಬರ್ಲಿಲ್ಲಂದ್ರ ನಾಯಿ ಒಯ್ತು ಅಂತ ತಿಳದು ಇನ್ನೊಮ್ಮೆ ಕಳಿಸ್ರಿ.”

“ಎಳ್ಳ ಹಾಕ್ತೀವ್ರಿ,” ಎಂದಳು. “ಹುರದು ಹಾಕ್ತೀವಿ.”

ಹೀಗೆ ದಾರಿ ಆರಿಸಿದ್ದಾಯಿತು. ಇಬ್ಬರೂ ನಮ್ಮ ನಮ್ಮ ಪ್ರೋಗ್ರಾಂ ಬರೆದೆವು. ಗಣಿಯ ಹೊಡೆತಕ್ಕೆ ಮೋಡೆಮ್ ನಡುಗದಿರಲೆಂದು ನಾನು ಅತ್ತೆ ಹೊಲಿದ ಹಳೆಯ ಕೌದಿಯನ್ನು ತಂದು ಸುತ್ತಿದೆ. ಹಳೆಯ ಸೀರೆಗಳ ತುಂಡು ಕೂಡಿಸಿ ಹೊಲಿದ ಕೌದಿಯ ದಪ್ಪಕ್ಕೆ ಯಾವ ಸದ್ದೂ ನುಗ್ಗುತ್ತಿರಲಿಲ್ಲ. ತಪಾಸಣೆಯ ದಿನ ಬಾಂಬೆಯಿಂದ ಒಬ್ಬ ದೊಡ್ಡ ಸಾಹೇಬರು ಬಂದರು. ದೇಶಪಾಂಡೆಯವರು ಅವರ ಹಿಂದೆ. ಕೌದಿ ಹೊದ್ದ ಪೆಟ್ಟಿಗೆಯನ್ನು ನೋಡಿ ಬಾಂಬೆಯವರು, “ಈಸ್ ಇಟ್ ಅನ್‌ವೆಲ್?” ಎಂದು ಕೇಳಿದರು. “ನೋ ಸರ್, ಓನ್ಲಿ ಸೆನ್ಸಿಟಿವ್,” ಎಂದೆ.

ಶರಣಪ್ಪ ಲೈನ್ ಕೊಟ್ಟ, ರಿಸೀವರ್ ಮಲಗಿಸಿದೆ. ಕೀ ಎಂದಿತು. ಹಸಿರು ಅಕ್ಷರದಲ್ಲಿ ಶಹಾಬಾದಿನ ಚೀಲಗಳ ಲೆಕ್ಕ ಒಂದೊಂದೇ ಸಾಲು ಇಳಿದುಬಂತು. ಲೆಕ್ಕ ಮುಗಿಯಿತು, ನನ್ನ ಪ್ರೋಗ್ರಾಂ ಮರ್ಯಾದೆಯಿಂದ ‘ರಿಸೀವ್ಡ್ ವಿತ್ ಥ್ಯಾಂಕ್ಸ್’ ಎಂದು ಕಳಿಸಿತು. ದೇಶಪಾಂಡೆಯವರು ತಲೆದೂಗಿದರು. ಆಗ ಶಹಾಬಾದಿನಿಂದ ಒಂದು ಸಾಲು ಬಂತು: ‘ನೋಟೆಡ್ ವಿತ್ ಥ್ಯಾಂಕ್ಸ್’. ಕೂಡಲೇ ನನ್ನದು ಮತ್ತೆ ‘ರಿಸೀವ್ಡ್ ವಿತ್ ಥ್ಯಾಂಕ್ಸ್’ ಎಂದಿತು. ಅದು ನೋಟೆಡ್, ಇದು ರಿಸೀವ್ಡ್, ಅದು ನೋಟೆಡ್. ಸ್ಕ್ರೀನ್ ತುಂಬಿ ಮೇಲಕ್ಕೆ ಹರಿಯತೊಡಗಿತು.

ಏನಾಗಿದೆಯೆಂದು ನನಗೆ ಹೊಳೆದದ್ದು ಆಗ. ಡಬ್ಬಿ ಖಾಲಿ ಕಳಿಸಬಾರದೆಂಬ ನಿಯಮವನ್ನು ನಾನು ನನ್ನ ಪ್ರೋಗ್ರಾಮಿನಲ್ಲಿ ಬರೆದಿದ್ದೆ: ಏನೇ ಬರಲಿ, ತಿರುಗಿ ಏನಾದರೂ ಕಳಿಸು. ಜುಬೇದಾಳೂ ಅದನ್ನೇ ಬರೆದಿದ್ದಳು. ಇದು ಎಲ್ಲರಿಗೂ ಗೊತ್ತಿದ್ದದ್ದೇ, ಹೇಳುವುದೇನು ಎಂದು ಇಬ್ಬರೂ ಸುಮ್ಮನಿದ್ದೆವು. ಹೊಳ್ಳಿ ಬಂದ ಡಬ್ಬಿಯನ್ನೂ ಅವಳ ಮಶೀನು ಹೊಸ ಡಬ್ಬಿಯೆಂದೇ ತಿಳಿದು ಸಕ್ಕರೆ ಹಾಕಿ ಕಳಿಸುತ್ತಿತ್ತು, ನನ್ನದೂ ಹಾಗೇ. ಎರಡೂ ಒಳ್ಳೆಯ ಮನೆತನದಲ್ಲಿ ಬೆಳೆದ ಮಶೀನುಗಳು, ಯಾರೂ ಕೈ ತಡೆಯಲಿಲ್ಲ.

“ಹೌ ಲಾಂಗ್ ವಿಲ್ ದೇ ಥ್ಯಾಂಕ್?” ಎಂದು ಬಾಂಬೆ ಸಾಹೇಬರು ಕೇಳಿದರು. ದೇಶಪಾಂಡೆಯವರು ಗಡಿಯಾರ ನೋಡಿದರು. ಯಾರ್ಡಿನಲ್ಲಿ ವ್ಯಾಗನ್ನುಗಳು ನಿಂತಿದ್ದವು. ಜುಬೇದಾಳಿಗೆ ಹೇಳೋಣವೆಂದರೆ ಇದ್ದ ಒಂದೇ ಲೈನನ್ನು ಮಶೀನುಗಳು ಹಿಡಿದುಕೊಂಡು ಕೂತಿದ್ದವು. ನಾನು ಕೌದಿ ಸರಿಸಿ ರಿಸೀವರನ್ನೇ ಎತ್ತಿ ಕಿವಿಗೆ ಇಟ್ಟೆ. ಆಚೆಯಿಂದ ಕಿರುಚಾಟದ ಬದಲು ಅವಳ ದನಿಯೇ ಬಂತು. ಅವಳೂ ಅದೇ ಗಳಿಗೆಗೆ ಎತ್ತಿದ್ದಳು.

“ಬಾಯಿ, ನಿಮ್ದು ಸುಮ್ಮ ಕುಂದ್ರಂಗಿಲ್ಲೇನ್ರಿ?”

“ನಿಮ್ದು ಮೊದಲ ಸುಮ್ಮನಾಗ್ಲಿ.”

“ಬಂದ ಡಬ್ಬಿ ನಾ ಹ್ಯಾಂಗ ಸುಮ್ಮ ಇಟ್ಕೊಳ್ಲಿ? ನಮ್ಮ ಅಮ್ಮೀ ಕೇಳಿದ್ರ ಏನಂತಾರ?”

“ಜುಬೇದಾ, ನನ್ನ ಹಿಂದ ಇಬ್ಬರು ಸಾಹೇಬರು ನಿಂತಾರ.”

“ನನ್ನ ಹಿಂದ ಭಾಯಿಜಾನ್ ನಿಂತಾರ್ರಿ. ಇವತ್ತ ನೋಡ್ತೀನಿ ಅಂತ ಬಂದಾರ,” ಎಂದಳು. ದನಿ ಸಣ್ಣಗಾಗಿತ್ತು.

ಅಷ್ಟು ಸಾಕಾಯಿತು ನನಗೆ. “ಕೇಳ್ರಿ,” ಎಂದೆ. “ಊಟ ಕಳಿಸಿದವರು ನೀವು. ಸಕ್ಕರಿ ಹಾಕಿ ಕಳಿಸೂದು ನಂದು. ಸಕ್ಕರಿ ಬಂದದ್ದು ಊಟ ಅಲ್ಲ. ಅದನ್ನ ಬಾಯಾಗ ಹಾಕೊಂಡು, ಡಬ್ಬಿ ತೊಳದು, ಗ್ವಾಡಿ ಮಾಡದಾಗ ಬೋರಲ ಇಡ್ರಿ. ಅಷ್ಟೇ. ಹಿಂಗ ಬರೀರಿ.” ಮನೆಯಲ್ಲಿ ಇದನ್ನು ನಾವು ದಿನಾ ಮಾಡುತ್ತಿದ್ದೆವು, ಬರೆಯುವಾಗ ಮಾತ್ರ ಮರೆತಿದ್ದೆವು. ಅವಳು ಒಂದೆರಡು ಸಾಲು ಬದಲಿಸಿದಳು. ಬದಲಿಸುವಾಗ ಕೇಳಿದಳು, “ನಾ ಇಡೂದೇ ತಡಾ ಆದ್ರ? ಎಷ್ಟೊತ್ತು ದಾರಿ ನೋಡ್ತದ ನಿಮ್ದು? ಮೂರ ಸಲ ಕರದು ಬಿಡ್ಲಿ ಅಂತ ಹಾಕ್ರಿ.” ನಾನು ಹಾಕುವುದಿಲ್ಲವೆಂದೆ. ಬರುತ್ತೇನೆ ಎಂದವರಿಗೆ ಬರುವ ತನಕ ಕಾಯಬೇಕು. “ನಿಮ್ಮ ಪ್ರೋಗ್ರಾಂ, ನಿಮ್ಮ ಮನಿ,” ಎಂದಳು. ಅವಳದರಲ್ಲಿ, ಡಬ್ಬಿ ಬರದಿದ್ದರೆ ಮೂರು ಸಲ ಕಳಿಸಿ ಬಿಡುವುದು ಎಂದು ಬರೆದುಕೊಂಡಳು, ನನ್ನದರಲ್ಲಿ ಕಾಯುವುದಕ್ಕೆ ಮಿತಿಯೇ ಇಲ್ಲ.

ರಿಸೀವರುಗಳನ್ನು ಮತ್ತೆ ಮಲಗಿಸಿದೆವು. ಲೆಕ್ಕ ಬಂತು, ಥ್ಯಾಂಕ್ಸ್ ಹೋಯಿತು, ಆಚೆ ಮೌನ. ಆ ಮೌನದಷ್ಟು ಚಂದದ ಮೌನ ನಾನು ಚರ್ಚಿನಲ್ಲೂ ಕೇಳಿಲ್ಲ. ಪ್ರಿಂಟರಿನಿಂದ ಲೋಡಿಂಗ್ ಚೀಟಿ ಹೊರಬಂತು, ದೇಶಪಾಂಡೆಯವರು ಅದನ್ನು ತಾವೇ ಹರಿದುಕೊಂಡು ಯಾರ್ಡಿಗೆ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು, ತಮ್ಮ ಕಾಲಿನ ಚಪ್ಪಲಿ ನೋಡಿಕೊಂಡು, “ಸಾರಿ ಹಾಂ ಬಾಯಿ,” ಎಂದರು.

ಮಶೀನುಗಳು ಉಳಿದವು, ಬಾಗಿಲು ಮುಚ್ಚಿದ ಕೋಣೆಗಳೂ ಉಳಿದವು. ಒಂದು ಮಾತ್ರ ನಾವಿಬ್ಬರೂ ಲೆಕ್ಕ ಹಾಕಿರಲಿಲ್ಲ. ಈಗ ದಿನಾ ಬೆಳಿಗ್ಗೆ ಶರಣಪ್ಪ “ಶಹಾಬಾದ್ ಲೈನಿನ ಮ್ಯಾಲ ಅದ” ಎನ್ನುತ್ತಿದ್ದ, ನಾನು ರಿಸೀವರನ್ನು ಕೌದಿಯೊಳಗೆ ಮಲಗಿಸುತ್ತಿದ್ದೆ, ಮಶೀನುಗಳು ಮಾತಾಡಿ ಮುಗಿಸುತ್ತಿದ್ದವು. ನಮಗೆ ಮಾತಾಡಲು ಕೆಲಸವೇ ಉಳಿಯಲಿಲ್ಲ. ಕೆಲಸವಿಲ್ಲದೆ ಟ್ರಂಕ್ ಕಾಲ್ ಮಾಡಬಾರದೆಂದು ಆಫೀಸಿನ ರೂಲ್. ಅಪರೂಪಕ್ಕೊಮ್ಮೆ ಲೈನ್ ಕೆಟ್ಟರೆ ಇಬ್ಬರೂ ಖುಷಿಯಿಂದ ರಿಸೀವರ್ ಎತ್ತಿ ಮಾತಾಡುತ್ತಿದ್ದೆವು. ನಾವು ಎಷ್ಟು ಚೆನ್ನಾಗಿ ಬರೆದಿದ್ದೆವೆಂದರೆ ಅದು ಕೆಡುವುದೇ ಅಪರೂಪವಾಯಿತು. “ಮೊದಲಿನ ಪದ್ಧತಿನೇ ಛಲೋ ಇತ್ತು ನೋಡ್ರಿ,” ಎಂದು ಶರಣಪ್ಪ ಒಂದು ದಿನ ಹೇಳಿದ.

ಮರುವರ್ಷ ಬಾಂಬೆ ಸಾಹೇಬರಿಂದ ಕಾಗದ ಬಂತು. ಜಬಲ್ಪುರದ ಕಡೆಯ ಕಾರ್ಖಾನೆಯಲ್ಲೂ ಹೀಗೇ ಮಶೀನುಗಳನ್ನು ಮಾತಾಡಿಸಬೇಕು, ಇಬ್ಬರಲ್ಲಿ ಒಬ್ಬರು ಬನ್ನಿ, ಆಫೀಸರ್ ಪೋಸ್ಟ್ ಎಂದು. ನನಗೆ ಮನೆ, ಮಕ್ಕಳು. ಜುಬೇದಾ ಹೊರಟಳು. ಹೊರಗೆ ಹೋಗಿ ಚೀಲ ಎಣಿಸಬಾರದೆಂದಿದ್ದ, ಆ ದಿನ ಅವಳ ಕೆಲಸವನ್ನು ಹಿಂದೆ ನಿಂತು ನೋಡಿದ ಭಾಯಿಜಾನರೇ ಅವಳ ಟ್ರಂಕು ಹೊತ್ತು ಬಂದರು.

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಬೇಕಿತ್ತು, ಹಾಗಾಗಿ ಅವಳನ್ನು ನೋಡಲು ಸಿಕ್ಕಿತು. 

ಇಷ್ಟು ವರ್ಷ ಫೋನಿನಲ್ಲೇ ಕೂಡಿದವರು, ಎದುರಿಗೆ ನಿಂತಾಗ ಇಬ್ಬರಿಗೂ ನಾಚಿಕೆ. ನಾನು ಅತ್ತೆಯ ಹೆಸರಿನ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತುಂಬಿ ಒಯ್ದಿದ್ದೆ. ಅವಳು ಕಿಟಕಿಯ ಹತ್ತಿರ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡಳು. “ಇದು ಹೊಳ್ಳಿ ಬರಾಕ ಟೈಮ್ ಹಿಡಿತದರಿ ಬಾಯಿ,” ಎಂದಳು. “ಖಾಲಿ ಅಂತೂ ಬರಂಗಿಲ್ಲ. ಅಲ್ಲಿ ಏನ್ ಛಲೋ ಸಿಗತದ ನೋಡಿ ಹಾಕಿ ಕಳಸ್ತೀನಿ.” ಗಾಡಿ ಅಲುಗಿತು. ನಾನು ಥ್ಯಾಂಕ್ಯೂ ಅನ್ನಬೇಕೆಂದುಕೊಂಡು ಅನ್ನಲಿಲ್ಲ. ಅವಳು ಕಿಟಕಿಯ ಸರಳಿನಾಚೆ ಡಬ್ಬಿಯನ್ನು ಎತ್ತಿ ತೋರಿಸಿದಳು, ಹಿತ್ತಾಳೆಯ ಕಡ್ಡಿ ಬಿಸಿಲಿಗೆ ಒಮ್ಮೆ ಹೊಳೆಯಿತು, ಅಷ್ಟೇ. ರೈಲಿನ ಕೊನೆಯ ಡಬ್ಬಿಯೂ ಕಣ್ಮರೆಯಾಗಿ, ಚಾ ಮಾರುವವರೂ ನೆರಳಿಗೆ ಹೋದರು. ನಾನು ನಿಂತೇ ಇದ್ದೆ. ಕೈಗಾಡಿ ತಳ್ಳುತ್ತ ಬಂದ ಹಮಾಲ ಕೇಳಿದ, “ಗಾಡಿ ಹೋಯ್ತಲ್ರಿ ಬಾಯಿ, ಇನ್ನ ಯಾರ ದಾರಿ ನೋಡಾಕತ್ತೀರಿ?”

“ಡಬ್ಬಿ ಬರಬೇಕು,” ಎಂದೆ. ಅವನು ಗಾಡಿ ಹೋದ ಕಡೆ ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, “ಹಂಗಾದ್ರ ಜರಾ ನೆರಳಿಗೆ ಕುಂದ್ರಿ,” ಎಂದು ಮುಂದೆ ಹೋದ.